ಸೈಕಲ್ ಕೊರಿಯರ್‌ನಲ್ಲಿ ಕಳಿಸಿದ್ರೆ ಏನಾದ್ರೂ ಒಂದು ಮುರ್ಕೊಂಡೇ ಬರುತ್ತಲ್ಲ, ಯಾಕೆ?

ಮುಖ್ಯ ಕಾರಣ ಬಾಕ್ಸ್ ಸೈಜು, ಕೆಲಸದವರ ಅಜಾಗರೂಕತೆ ಆಮೇಲಿನ ಮಾತು. ಮಾಮೂಲಿ ಪಾರ್ಸೆಲ್‌ಗಳು ಕನ್ವೇಯರ್ ಬೆಲ್ಟ್ ಮೇಲೆ ತಾವಾಗೇ ಹೋಗ್ತವೆ, ಸೈಕಲ್ ಬಾಕ್ಸ್ ಅದರಲ್ಲಿ ಹಿಡಿಯಲ್ಲ, ಹಾಗಾಗಿ ದಾರಿಯುದ್ದಕ್ಕೂ ಕೈಯಲ್ಲೇ ಎತ್ತಿ ಇಳಿಸಬೇಕು, ಅದೂ ತೆಳ್ಳಗೆ ಎತ್ತರವಾಗಿರೋ ಬಾಕ್ಸು, ನಿಲ್ಲಿಸಿದ್ರೆ ಬೀಳುತ್ತೆ ಅಂತ ಲಾರಿಯಲ್ಲಿ ಅಡ್ಡ ಮಲಗಿಸಿ ಮೇಲೆ ಇನ್ನಷ್ಟು ಹೇರ್ತಾರೆ. ಬಾಣದ ಗುರುತು ಎಷ್ಟು ದೊಡ್ಡದಾಗಿ ಹಾಕಿದ್ರೂ ಅಷ್ಟೇ.

ಮೊದಲು ಬಗ್ಗೋದು ಡಿರೈಲರ್ ಹ್ಯಾಂಗರ್, ಅಂದ್ರೆ ಹಿಂದಿನ ಡಿರೈಲರನ್ನ (ಗೇರ್ ಬದಲಿಸುವಾಗ ಚೈನ್ ಸರಿಸೋ ಭಾಗ) ಫ್ರೇಮಿಗೆ ಹಿಡಿದಿಡೋ ಪುಟ್ಟ ಅಲ್ಯೂಮಿನಿಯಂ ತುಂಡು. ಫ್ರೇಮ್ ಉಳೀಲಿ ಅಂತ ಅದನ್ನ ಬೇಕಂತ್ಲೇ ಮೆತ್ತಗೆ ಮಾಡಿರ್ತಾರೆ. ಡಿರೈಲರ್ ಬಿಚ್ಚಿ, ಬಬಲ್ ರ‍್ಯಾಪ್ ಸುತ್ತಿ, ಫ್ರೇಮ್ ಒಳಭಾಗಕ್ಕೆ ಕಟ್ಟಿ. ಮುಂದಿನ ಚಕ್ರ ತೆಗೆದಿದ್ರೆ ಫೋರ್ಕ್ ಕಾಲುಗಳ ಮಧ್ಯ ಪ್ಲಾಸ್ಟಿಕ್ ಸ್ಪೇಸರ್ ಇಡಿ, ಇಲ್ಲಾಂದ್ರೆ ಒತ್ತಡಕ್ಕೆ ಅವು ಒಳಗೆ ಬಗ್ಗುತ್ತವೆ.

ಇನ್ನು ದುಡ್ಡು ವಾಪಸ್ ಬರೋ ವಿಷಯ. ಇನ್ಶೂರೆನ್ಸ್ ಇಲ್ಲಾಂದ್ರೆ ಕೊರಿಯರ್‌ನವರ ಹೊಣೆ ಸಾಮಾನ್ಯವಾಗಿ ತೂಕದ ಲೆಕ್ಕಕ್ಕೋ ಒಂದು ಸಣ್ಣ ಮಿತಿಗೋ ನಿಂತುಬಿಡುತ್ತೆ, ಸೈಕಲ್ ಬೆಲೆ ಎಷ್ಟಾದ್ರೂ ಇರ್ಲಿ. ಇನ್ಶೂರೆನ್ಸ್ ಇದ್ರೂ 'ಪ್ಯಾಕಿಂಗ್ ಸರಿ ಇರ್ಲಿಲ್ಲ' ಅಂತ ಕ್ಲೇಮ್ ತಳ್ಳಿಹಾಕೋದುಂಟು, ಅದಕ್ಕೆ ಬಾಕ್ಸ್ ಮುಚ್ಚೋ ಮೊದ್ಲು ಒಳಗಿನ ಫೋಟೋ ತೆಗೆದಿಟ್ಕೊಳ್ಳಿ.