ಹಳೆ ಗಾಡಿ, ಹೊಸ ಪ್ರಶ್ನೆ: ಭಾನುವಾರ ಬೆಳಗಿನ ಏಲಂ

ಟಿವಿಯಲ್ಲಿ ಅಮೆರಿಕದ ಹಳೆ ಕಾರುಗಳ ಹರಾಜು ನೋಡುತ್ತೇನೆ ಎಂದು ಕಳೆದ ಸಂಚಿಕೆಯಲ್ಲಿ ಒಂದೇ ಒಂದು ಸಾಲು ಬರೆದಿದ್ದೆ. ಈ ಸಲ ಕಾರ್ಬುರೇಟರ್, ಕ್ಲಚ್ ಪ್ಲೇಟುಗಳನ್ನು ಕೇಳುವವರೇ ಇಲ್ಲ. ಬಂದ ಪತ್ರಗಳೆಲ್ಲ ಆ ಸಾಲನ್ನೇ ಹಿಡಿದುಕೊಂಡಿವೆ. ಬದಿಯಡ್ಕದಲ್ಲಿ ಮೂವತ್ತೈದು ವರ್ಷ ವರ್ಕ್‌ಶಾಪ್ ನಡೆಸಿ ಶಟರ್ ಎಳೆದವನು ನಾನು. ನನಗೆ ತಿಳಿದಷ್ಟು ಹೇಳುತ್ತೇನೆ.

ಜನವರಿ ಬಂತೆಂದರೆ ನಮ್ಮ ಯಜಮಾನರು ಭಾನುವಾರ ಬೆಳಿಗ್ಗೆ ಆರೂವರೆಗೆ ಟಿವಿ ಮುಂದೆ ಕೂರುತ್ತಾರೆ. ಹಾಲು ತರಲೂ ಏಳುವುದಿಲ್ಲ. ಯಾರೋ ಕೊಳ್ಳುವ ಕಾರನ್ನು ಇವರು ನೋಡಿ ಏನು ಸಿಗುತ್ತದೆ? ನಮ್ಮಲ್ಲಿರುವುದು ಒಂದು ಹಳೆಯ ಮಾರುತಿ.
— ಗೃಹಿಣಿ, ನೀರ್ಚಾಲು

ಅಮ್ಮಾ, ಆರೂವರೆಗೆ ಏಳುವುದು ಅವರ ತಪ್ಪಲ್ಲ. ಅರಿಜೋನಾದ ಸ್ಕಾಟ್ಸ್‌ಡೇಲ್ ಎಂಬಲ್ಲಿ ಬ್ಯಾರೆಟ್-ಜಾಕ್ಸನ್‌ನವರು 1971ರಿಂದ ಹರಾಜು ನಡೆಸುತ್ತಿದ್ದಾರೆ. ಈಗ ಅದು ಪ್ರತಿ ಜನವರಿಯಲ್ಲಿ, ಹೆಚ್ಚು ಕಡಿಮೆ ನಮ್ಮ ಕುಂಬಳೆ ಜಾತ್ರೆಯ ಬೆಡಿಯ ಹೊತ್ತಿಗೆ ಬರುತ್ತದೆ. ಆ ಊರಿಗೂ ನಮಗೂ ಹನ್ನೆರಡೂವರೆ ಗಂಟೆಯ ಅಂತರ. ಅವರ ಶನಿವಾರ ಸಂಜೆ ಆರು ಎಂದರೆ ನಮ್ಮ ಭಾನುವಾರ ಬೆಳಿಗ್ಗೆ ಆರೂವರೆ, ಮತ್ತು ಭಾರಿ ಬೆಲೆಯ ಕಾರುಗಳು ವೇದಿಕೆ ಹತ್ತುವುದು ಶನಿವಾರವೇ. ಅದೇ ತಿಂಗಳು ಫ್ಲೋರಿಡಾದ ಕಿಸಿಮ್ಮಿಯಲ್ಲಿ ಮೀಕಮ್ ಎಂಬವರ ಹರಾಜೂ ಇರುತ್ತದೆ, ಸಾವಿರಗಟ್ಟಲೆ ಗಾಡಿಗಳು. ಅದು ಶುರುವಾಗುವುದು ನಮ್ಮ ರಾತ್ರಿ ಊಟದ ಹೊತ್ತಿಗೆ. ನಿಮ್ಮ ಯಜಮಾನರಿಗೆ ಅದರ ವಿಷಯ ಗೊತ್ತಿಲ್ಲದಿದ್ದರೆ ದಯವಿಟ್ಟು ಈ ಪುಟ ತೋರಿಸಬೇಡಿ.

ಇನ್ನು, ಏನು ಸಿಗುತ್ತದೆ ಎಂಬ ಪ್ರಶ್ನೆ. ಭಜನಾ ಮಂದಿರದಲ್ಲಿ ಮಂಗಳಾರತಿ ಮುಗಿದ ಮೇಲೆ ಹರಕೆಯ ಬಾಳೆಗೊನೆ ಏಲಂ ಹಾಕುವುದನ್ನು ನೀವು ನೋಡಿರುತ್ತೀರಿ. ಗೊನೆ ಬೇಕಾದವರು ಇಬ್ಬರೋ ಮೂವರೋ. ಉಳಿದ ಇನ್ನೂರು ಜನ ಚಪ್ಪಲಿ ಹಾಕಿಕೊಂಡವರೂ ಹೊರಡದೆ ಏಕೆ ನಿಲ್ಲುತ್ತಾರೆ? ಒಂದು ವರ್ಷ ಒಂದು ಕದಳಿ ಗೊನೆಗೆ ನಾನು ಸಾವಿರದ ಎಂಟುನೂರು ರೂಪಾಯಿ ಕೂಗಿದೆ. ಪೇಟೆಯಲ್ಲಿ ಅದಕ್ಕೆ ಇನ್ನೂರೈವತ್ತು ಸಿಕ್ಕಿದ್ದರೆ ಹೆಚ್ಚು. ಎದುರು ಕೂಗುತ್ತಿದ್ದವನು ನನ್ನ ಭಾವ. ಅವನು ಐವತ್ತೈವತ್ತು ಏರಿಸುತ್ತಾ ನನ್ನ ಕಡೆ ತಿರುಗಿಯೂ ನೋಡದೆ ಗರ್ಭಗುಡಿಯನ್ನೇ ನೋಡುತ್ತಿದ್ದ. ಆ ಭಕ್ತಿ ನನಗೆ ಸಹಿಸಲಿಲ್ಲ.

ಸ್ಕಾಟ್ಸ್‌ಡೇಲ್‌ನಲ್ಲಿ ನಡೆಯುವುದೂ ಅದೇ. ಕ್ಯಾಮೆರಾ ಇಬ್ಬರು ಹಿರಿಯರ ಮುಖಗಳ ನಡುವೆ ಓಡಾಡುತ್ತದೆ. ಒಬ್ಬ ತಲೆ ಅಲ್ಲಾಡಿಸಿ ಸಾಕು ಎನ್ನುತ್ತಾನೆ. ಹರಾಜು ಸಂಸ್ಥೆಯ ಆಳೊಬ್ಬ ಅವನ ಭುಜದ ಬಳಿ ಬಗ್ಗಿ ಏನೋ ಪಿಸುಗುಟ್ಟುತ್ತಾನೆ. ಪಕ್ಕದಲ್ಲಿ ಕುಳಿತ ಹೆಂಡತಿ ಗಂಡನನ್ನು ನೋಡುತ್ತಾಳೆ. ಆ ಐದು ಸೆಕೆಂಡಿಗಾಗಿ ನಾನು ಭಾನುವಾರದ ನಿದ್ರೆ ಬಿಡುತ್ತೇನೆ.

ಆದರೆ ಸುಮ್ಮನೆ ನೋಡಬಾರದು. ನನ್ನ ಬಳಿ ವರ್ಕ್‌ಶಾಪಿನ ಹಳೆಯ ಬಿಲ್ ಪುಸ್ತಕ ಒಂದಿದೆ. ಕಾರು ವೇದಿಕೆಗೆ ಬಂದ ಕೂಡಲೇ, ಮೊದಲ ಕೂಗು ಬೀಳುವ ಮೊದಲು, ನನ್ನ ಅಂದಾಜು ಬೆಲೆ ಬರೆಯುತ್ತೇನೆ. ಪಕ್ಕದಲ್ಲಿ ಅದಕ್ಕೆ ಕಾರಣ ಒಂದೇ ಪದದಲ್ಲಿ: ಬಣ್ಣ, ಎಂಜಿನ್, ಕಾಗದ, ಹೆಸರು. ಸುತ್ತಿಗೆ ಬಿದ್ದ ಮೇಲೆ ನಿಜವಾದ ಬೆಲೆ. ಮೊದಲ ವರ್ಷ ನನ್ನ ಅಂದಾಜುಗಳು ನಗೆಪಾಟಲು. ಎಂಜಿನ್ ಒಂದನ್ನೇ ನೋಡುತ್ತಿದ್ದೆ, ಮೆಕ್ಯಾನಿಕನ ಬುದ್ಧಿ. ಕಾಗದಕ್ಕೂ ಬೆಲೆ ಇದೆ ಎಂದು ಅರಿಯಲು ಎರಡು ಜನವರಿ ಬೇಕಾದವು. ನಿಮ್ಮ ಯಜಮಾನರಿಗೂ ಒಂದು ಪುಸ್ತಕ ಕೊಡಿ, ನೀವೂ ಒಂದು ಇಟ್ಟುಕೊಳ್ಳಿ; ಯಾರ ಅಂದಾಜು ಹೆಚ್ಚು ತಪ್ಪಿತೋ ಅವರು ಹಾಲು ತರಲಿ.

ತೆರೆಯ ಮೇಲೆ ಬರುವ ಬೆಲೆಯನ್ನೇ ಕೊಟ್ಟು ಕಾರು ಒಯ್ಯುತ್ತಾರೆಯೇ?
— ಕಾಲೇಜು ವಿದ್ಯಾರ್ಥಿ, ಮಂಜೇಶ್ವರ

ಇಲ್ಲ. ಸುತ್ತಿಗೆ ಬೀಳುವ ಬೆಲೆಯ ಮೇಲೆ ಕೊಳ್ಳುವವನು ಹರಾಜು ಸಂಸ್ಥೆಗೆ ಕಮಿಷನ್ ಕಟ್ಟಬೇಕು. ಹಳೆಯ ‘ಬ್ಯಾಟ್‌ಮ್ಯಾನ್’ ಟಿವಿ ಧಾರಾವಾಹಿಯ ನಾಯಕನ ಕಾರು ಬ್ಯಾಟ್‌ಮೊಬೈಲ್ 2013ರಲ್ಲಿ ಸ್ಕಾಟ್ಸ್‌ಡೇಲ್‌ನಲ್ಲಿ 42 ಲಕ್ಷ ಡಾಲರಿಗೆ ಹೋಯಿತು. ಕೊಂಡವರು ತೆತ್ತದ್ದು 46.2 ಲಕ್ಷ. ನೂರಕ್ಕೆ ಹತ್ತು. ಮರುದಿನದ ಪತ್ರಿಕೆಯಲ್ಲಿ ಎರಡರಲ್ಲಿ ಯಾವುದೋ ಒಂದು ಅಂಕಿ ಇರುತ್ತದೆ, ಅದಕ್ಕೇ ನಿಮಗೆ ಗೊಂದಲ. ಅಂದ ಹಾಗೆ, ಆ ಕಾರನ್ನು ಕಟ್ಟಿದ ಜಾರ್ಜ್ ಬ್ಯಾರಿಸ್ ಅದರ ಮೂಲ ಗಾಡಿಯನ್ನು, ಅಂದರೆ 1955ರ ಲಿಂಕನ್ ಫ್ಯೂಚುರಾ ಎಂಬ ಪ್ರದರ್ಶನದ ಕಾರನ್ನು, ಫೋರ್ಡ್ ಕಂಪೆನಿಯಿಂದ ಒಂದು ಡಾಲರಿಗೆ ಪಡೆದಿದ್ದರು.

‘ರಿಸರ್ವ್’ ಎಂದರೆ ಏನು?
— ಓದುಗರು, ಮುಳ್ಳೇರಿಯ

ಮಾಲೀಕ ಗುಟ್ಟಾಗಿ ಹೇಳಿಟ್ಟ ಕನಿಷ್ಠ ಬೆಲೆ. ಕೂಗು ಅಲ್ಲಿಗೆ ಮುಟ್ಟದಿದ್ದರೆ ಗಾಡಿ ಬಂದ ದಾರಿಯಲ್ಲೇ ವಾಪಸು. ‘ನೋ ರಿಸರ್ವ್’ ಎಂದರೆ ಎಷ್ಟಕ್ಕೇ ನಿಲ್ಲಲಿ ಕೊಡಲೇಬೇಕು. ಸ್ಕಾಟ್ಸ್‌ಡೇಲ್‌ನ ಹೆಚ್ಚಿನ ಕಾರುಗಳು ಹೀಗೆಯೇ ಹೋಗುವುದರಿಂದ ಅಲ್ಲಿ ಮಾರುವವನ ಮುಖ ನೋಡುವುದೂ ಒಂದು ಆಟ. ಮಾಲೀಕ ವೇದಿಕೆಯ ಮೇಲೆ ಕಾರಿನ ಪಕ್ಕ ನಿಂತು ನಗುತ್ತಿರುತ್ತಾನೆ, ಕೈ ಮಾತ್ರ ಬೋನೆಟ್ಟಿನ ಅಂಚನ್ನು ಬಿಗಿಯಾಗಿ ಹಿಡಿದಿರುತ್ತದೆ.

ಹರಾಜುಗಾರ ಮಾತನಾಡುತ್ತಾನೋ ಮಂತ್ರ ಹೇಳುತ್ತಾನೋ ತಿಳಿಯುವುದಿಲ್ಲ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ನೋಡುವುದು ಬಿಡಲೇ?
— ನಿವೃತ್ತ ಶಿಕ್ಷಕರು, ಪೆರ್ಲ

ಮೇಷ್ಟ್ರೇ, ಬಿಡಬೇಡಿ. ಅವನು ಹೇಳುವುದು ಎರಡೇ ಸಂಖ್ಯೆ: ಕೈಯಲ್ಲಿರುವ ಬೆಲೆ, ಬೇಕಾದ ಬೆಲೆ. ನಡುವಿನದೆಲ್ಲ ಗಾಡಿ ನಿಲ್ಲದ ಹಾಗೆ ಆಕ್ಸಿಲರೇಟರ್ ಒತ್ತಿ ಹಿಡಿದಂತೆ, ಅರ್ಥವಿಲ್ಲದ ತುಂಬುಪದಗಳು. ನಮ್ಮ ಭಾಗವತರು ತಾನನ ತಾನನ ಎಂದು ಎಳೆಯುವುದಿಲ್ಲವೇ, ಹಾಗೆ.

ಮತ್ತೆ, ಇಂಗ್ಲಿಷ್ ಕೇಳುತ್ತಲೇ ಬೆಳೆದವರೂ ಎಡವುತ್ತಾರೆ. 2019ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೇಯಲ್ಲಿ ಆರ್‌ಎಂ ಸದಬೀಸ್ ಹರಾಜಿಗೆ ಪೋರ್ಷೆ ಟೈಪ್ 64 ಬಂತು. 1939ರಲ್ಲಿ ಬರ್ಲಿನ್‌ನಿಂದ ರೋಮ್‌ಗೆ ನಡೆಯಬೇಕಿದ್ದ ಓಟಕ್ಕೆಂದು ಕಟ್ಟಿದ್ದು. ಯುದ್ಧದಿಂದಾಗಿ ಓಟವೇ ನಡೆಯಲಿಲ್ಲ. ಹರಾಜುಗಾರ ಹದಿಮೂರು ಮಿಲಿಯನ್ ಎಂದ. ತೆರೆಯ ಮೇಲೆ ಮೂವತ್ತು ಮೂಡಿತು. ಹದಿನಾಲ್ಕು ಎಂದ, ನಲವತ್ತು ಬಂತು. ಜನ ಎದ್ದು ನಿಂತು ಮೊಬೈಲ್ ಎತ್ತಿದರು. ಎಪ್ಪತ್ತಕ್ಕೆ ಮುಟ್ಟಿದಾಗ ಸಭೆ ಹುಚ್ಚೆದ್ದಿತ್ತು. ಆಗ ಅವನು, ಅದು ಎಪ್ಪತ್ತಲ್ಲ, ಹದಿನೇಳು ಎಂದ. ಜನ ಕೂಗಿ ಗೇಲಿ ಮಾಡಿದರು, ಕಾರು ಮಾರಾಟವಾಗಲೇ ಇಲ್ಲ. ಇಂಗ್ಲಿಷಿನಲ್ಲಿ ಹದಿಮೂರಕ್ಕೂ ಮೂವತ್ತಕ್ಕೂ ಬಾಲದಲ್ಲಷ್ಟೇ ವ್ಯತ್ಯಾಸ. ಕನ್ನಡ ಬಿಡಿ, ಮಲಯಾಳದಲ್ಲೋ ತುಳುವಿನಲ್ಲೋ ಏಲಂ ಹಾಕಿದ್ದರೂ ಆ ಅವಮಾನ ಆಗುತ್ತಿರಲಿಲ್ಲ.

ಅಜ್ಜನ 1968ರ ಫಿಯಟ್ 1100 ಅಡಕೆ ಕೊಟ್ಟಿಗೆಯಲ್ಲಿದೆ. ಪೇಂಟ್ ಮಾಡಿಸಿ, ಹೊಸ ಸೀಟು ಹಾಕಿಸಿ ಮಾರಿದರೆ ಟಿವಿಯಲ್ಲಿ ಬಂದಂತೆ ಕೋಟಿ ಬಂದೀತೇ?
— ಕೃಷಿಕ, ಅಡೂರು

ಕೋಟಿ ಬರುವುದಿಲ್ಲ. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್‌ನವರು ಈ ಗಾಡಿಯನ್ನು, ಮುಂದೆ ಪದ್ಮಿನಿ ಎಂದು ಹೆಸರು ಬದಲಿಸಿ, ದಶಕಗಳ ಕಾಲ ಮಾಡಿದರು. ಅಷ್ಟು ಹುಟ್ಟಿದ್ದಕ್ಕೆ ಟಿವಿಯ ಬೆಲೆ ಬಾರದು. ಆದರೆ ಪೇಂಟ್ ಡಬ್ಬಿ ಮಾತ್ರ ತೆರೆಯಬೇಡಿ.

ಕಾರಣ ಹೇಳುತ್ತೇನೆ. ‘ಬುಲಿಟ್’ ಚಿತ್ರದಲ್ಲಿ ಸ್ಟೀವ್ ಮೆಕ್ವೀನ್ ಓಡಿಸಿದ ಹಸಿರು ಮಸ್ಟಾಂಗ್ 1968ರದ್ದು, ನಿಮ್ಮ ಫಿಯಟ್ಟಿನ ಓರಗೆ. 1974ರಲ್ಲಿ ಒಂದು ಸಾಧಾರಣ ಕುಟುಂಬ ಅದನ್ನು 6,000 ಡಾಲರಿಗೆ ಕೊಂಡು ಮನೆಬಳಕೆಗೆ ಓಡಿಸಿತು. 1977ರಲ್ಲಿ ಮೆಕ್ವೀನ್ ತಾನೇ ಪತ್ರ ಬರೆದು ನನಗೆ ಮಾರುತ್ತೀರಾ ಎಂದು ಕೇಳಿದರೂ ಅವರು ಕೊಡಲಿಲ್ಲ. 2020ರ ಜನವರಿ 10ರಂದು ಕಿಸಿಮ್ಮಿಯಲ್ಲಿ ಅದು ವೇದಿಕೆಗೆ ಬಂದಾಗ ತುಕ್ಕು, ಗೀರು, ಮಾಸಿದ ಬಣ್ಣ ಎಲ್ಲ ಇದ್ದ ಹಾಗೆಯೇ ಇದ್ದವು. ಸುತ್ತಿಗೆ ಬಿದ್ದದ್ದು 34 ಲಕ್ಷ ಡಾಲರಿಗೆ, ಕಮಿಷನ್ ಸೇರಿ 37.4 ಲಕ್ಷ. ನನ್ನ ಬಿಲ್ ಪುಸ್ತಕದಲ್ಲಿ ನಾನು ಬರೆದ ಅಂದಾಜನ್ನು ಇಲ್ಲಿ ಹೇಳುವುದಿಲ್ಲ.

ಈಗ ನಿಮ್ಮ ಗಾಡಿ. ಹಳೆಯ ರೇಡಿಯೋ ಸ್ಪೀಕರಿನ ಅಯಸ್ಕಾಂತವನ್ನು ಬನಿಯನ್ ಬಟ್ಟೆಯಲ್ಲಿ ಸುತ್ತಿ ಬಾಗಿಲಿನ ಕೆಳ ಅಂಚು, ಮಡ್‌ಗಾರ್ಡಿನ ಮಡಿಕೆಗಳ ಮೇಲೆ ಮೆಲ್ಲಗೆ ಎಳೆಯಿರಿ. ತಗಡಿದ್ದಲ್ಲಿ ಅದು ಕಚ್ಚಿಕೊಳ್ಳುತ್ತದೆ. ಜಾರಿ ಬಿದ್ದರೆ ಅಲ್ಲಿರುವುದು ತಗಡಲ್ಲ, ಯಾವನೋ ಟಿಂಕರ್ ಮೆತ್ತಿದ ಪುಟ್ಟಿ. ಮ್ಯಾಟ್ ಎತ್ತಿ ಒಳನೆಲವನ್ನು ಬೆರಳ ಗಿಣ್ಣಿನಿಂದ ಕುಟ್ಟಿ. ನಮ್ಮ ಮಳೆಗಾಲ ಕಾರನ್ನು ತಿನ್ನುವುದು ಅಡಿಯಿಂದ. ಮೇಲಿನ ಹೊಳಪು ನೋಡಿ ಮೋಸ ಹೋಗಬಾರದು. ಕೊಟ್ಟಿಗೆಯಲ್ಲಿ ಅಡಕೆ ಸಿಪ್ಪೆಯ ರಾಶಿಗೆ ಒರಗಿಸಿ ನಿಲ್ಲಿಸಿದ್ದರೆ ಇಂದೇ ಆಚೆ ತೆಗೆಯಿರಿ, ಸಿಪ್ಪೆ ತೇವ ಹಿಡಿದಿಡುತ್ತದೆ. ಆಮೇಲೆ ಆರ್‌ಸಿ ಪುಸ್ತಕದಲ್ಲಿರುವ ಎಂಜಿನ್ ನಂಬರು, ಚಾಸಿಸ್ ನಂಬರು ಗಾಡಿಯ ಮೇಲಿನದಕ್ಕೆ ತಾಳೆಯಾಗುತ್ತದೆಯೇ ನೋಡಿ. ಅಜ್ಜನ ಕಾಲದ ಇನ್ಶೂರೆನ್ಸ್ ಚೀಟಿ, ಟ್ಯಾಕ್ಸ್ ರಸೀದಿ ಯಾವುದನ್ನೂ ಒಲೆಗೆ ಹಾಕಬೇಡಿ.

2021ರ ನಿಯಮದಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿಸ್, ಬಾಡಿ, ಎಂಜಿನ್ ಹೆಚ್ಚು ಬದಲಾಗದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ನಂಬರಿನಲ್ಲಿ ‘ವಿಎ’ ಎಂಬ ಅಕ್ಷರಗಳು. ಆದರೆ ಆಮೇಲೆ ಅದರಲ್ಲಿ ದಿನಾ ಓಡಾಡುವ ಹಾಗಿಲ್ಲ. ಪ್ರದರ್ಶನ, ವಿಂಟೇಜ್ ರ‍್ಯಾಲಿ, ರಿಪೇರಿ, ಪೆಟ್ರೋಲ್, ಅಷ್ಟೇ. ಅಜ್ಜನ ಕಾರಿನಲ್ಲಿ ಮದುವೆ ದಿಬ್ಬಣ ಹೋಗಬೇಕೆಂಬ ಆಸೆ ಇದ್ದರೆ ಎರಡು ಸಲ ಯೋಚಿಸಿ.

ದುಬೈಯಲ್ಲಿದ್ದೇನೆ, ಸ್ವಲ್ಪ ದುಡ್ಡಿದೆ. ಆ ಹರಾಜಿನಲ್ಲಿ ಕಾರು ಕೊಂಡು ಊರಿಗೆ ತರಬಹುದೇ?
— ಓದುಗರು, ಉಪ್ಪಳ

ಮೊದಲು 1950ಕ್ಕಿಂತ ಹಿಂದಿನ ಗಾಡಿಗಳನ್ನಷ್ಟೇ ಲೈಸೆನ್ಸ್ ಇಲ್ಲದೆ ತರಬಹುದಿತ್ತು. 2025ರಿಂದ 50 ವರ್ಷ ದಾಟಿದವಕ್ಕೂ ಬಾಗಿಲು ತೆರೆದಿದೆ. ಆದರೆ ಸುಂಕವೇ ಕಾರಿನ ಬೆಲೆಯನ್ನು ಮೀರುತ್ತದೆ. ಸ್ವಲ್ಪ ದುಡ್ಡು ಸಾಲದು.

ಮನೆ ಇಲ್ಲದ ಜನ ಇರುವ ಲೋಕದಲ್ಲಿ ಇದು ಶ್ರೀಮಂತರ ಕೊಬ್ಬಲ್ಲವೇ? ನಿಮಗೆ ನಾಚಿಕೆಯಾಗುವುದಿಲ್ಲವೇ?
— ಓದುಗರು, ಕಾಸರಗೋಡು

ಕೊಬ್ಬು ಹೌದು. 2022ರ ಮೇಯಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಒಂದು ಮರ್ಸಿಡಿಸ್ 13.5 ಕೋಟಿ ಯೂರೋಗೆ ಹೋಯಿತು. ಹುಟ್ಟಿದ್ದೇ ಅಂಥವು ಎರಡು. ಆ ಹಣದಿಂದ ವಿದ್ಯಾರ್ಥಿವೇತನದ ನಿಧಿ ಮಾಡುತ್ತೇವೆ ಎಂದು ಕಂಪೆನಿ ಹೇಳಿತು ಎಂಬುದನ್ನೂ ಸೇರಿಸುತ್ತೇನೆ. ಅದರಿಂದ ನಿಮ್ಮ ಸಿಟ್ಟು ಇಳಿಯಬೇಕೆಂದೇನಿಲ್ಲ. ಸ್ಕಾಟ್ಸ್‌ಡೇಲ್‌ನಲ್ಲಿ ದಾನಕ್ಕೆಂದೇ ಬರುವ ಕಾರುಗಳಿವೆ. ಕೆಲವೊಮ್ಮೆ ಕೊಂಡವನು ಅಲ್ಲೇ ವಾಪಸು ಕೊಟ್ಟು, ಅದನ್ನು ಮತ್ತೊಮ್ಮೆ ಹರಾಜಿಗೆ ಹಾಕುತ್ತಾರೆ. ನನ್ನ ಸಾವಿರದ ಎಂಟುನೂರರ ಕದಳಿ ಗೊನೆಯನ್ನೂ ನಾನು ಹೀಗೆಯೇ ಮಂದಿರಕ್ಕೆ ವಾಪಸು ಕೊಟ್ಟೆ. ಎರಡನೇ ಸಲ ಭಾವ ಮುನ್ನೂರಕ್ಕೆ ಹೊಡೆದುಕೊಂಡ. ನಾಚಿಕೆಯಾದದ್ದು ಆಗ.

ದುಡ್ಡು ಎಷ್ಟು ಬೇಕಾದರೂ ಇದೆ ಎಂದುಕೊಳ್ಳಿ ಮಾವ. ನೀವು ಯಾವ ಕಾರು ಕೊಳ್ಳುತ್ತೀರಿ?
— ಎಂಟನೇ ತರಗತಿ, ಕುಂಬಳೆ

ಕಾರಲ್ಲ ಮಗೂ, ಜೀಪು. ನೀನು ಹುಟ್ಟುವ ಎಷ್ಟೋ ಮೊದಲು ನಮ್ಮ ಮಲೆ ದಾರಿಗಳಲ್ಲಿ ಜೀಪೇ ಬಸ್ಸು. ಮಹೀಂದ್ರದ ಎತ್ತರ ಬೋನೆಟ್ಟಿನ ಜೀಪುಗಳು, ಪೆಟ್ರೋಲ್ ಎಂಜಿನ್. ಪೆಟ್ರೋಲಿಗೆ ದುಡ್ಡು ಹೊಂದಿಸಲಾಗದೆ ಮಾಲೀಕರು ನನ್ನ ಬಳಿ ತರುತ್ತಿದ್ದರು. ನಾನು ಆ ಎಂಜಿನ್ ಕೆಳಗಿಳಿಸಿ ಡೀಸೆಲ್ ಎಂಜಿನ್ ಕೂರಿಸಿ ಕಳಿಸುತ್ತಿದ್ದೆ. ನಲವತ್ತಾದರೂ ಮಾಡಿದ್ದೇನೆ, ಹೆಮ್ಮೆಯಿಂದಲೇ ಮಾಡಿದೆ. ಈಗ ಟಿವಿಯವರು, ಹುಟ್ಟಿದಾಗಿನ ಎಂಜಿನ್ ಗಾಡಿಯಲ್ಲೇ ಇದ್ದರೆ ಬೆಲೆ ಎಷ್ಟು ಹೆಚ್ಚು ಎಂದು ಭಾನುವಾರ ಭಾನುವಾರ ನನಗೆ ಪಾಠ ಹೇಳುತ್ತಾರೆ.

1986ರಲ್ಲಿ ಒಬ್ಬರು ಜೀಪು ಒಯ್ದವರು ಇಳಿಸಿದ ಪೆಟ್ರೋಲ್ ಎಂಜಿನ್ ಕೊಂಡೊಯ್ಯಲೇ ಇಲ್ಲ. ಮಜೂರಿಯಲ್ಲಿ ಸ್ವಲ್ಪ ಬಾಕಿ ಇತ್ತು, ಅದಕ್ಕೆ ಸರಿಹೋಯಿತು ಎಂದು ನಾನೂ ಕೇಳಲಿಲ್ಲ. ಗೋಣಿ ಹೊದೆಸಿ ಇಟ್ಟದ್ದು ಇನ್ನೂ ನನ್ನ ಹಿತ್ತಲ ಶೆಡ್ಡಿನಲ್ಲಿದೆ. ಎರಡು ವರ್ಷದ ಹಿಂದೆ ಗೋಣಿ ಸರಿಸಿ, ಸೀಮೆಎಣ್ಣೆಯಲ್ಲಿ ಉಜ್ಜಿ, ನಂಬರು ಓದಿ ಬರೆದುಕೊಂಡೆ. ಜೀಪು ಪಾಣಾಜೆ ಕಡೆಯ ಒಂದು ರಬ್ಬರ್ ತೋಟದಲ್ಲಿದೆ, ಅವರ ಮಗ ಓಡಿಸುತ್ತಾರೆ. ಅವರ ಆರ್‌ಸಿಯ ಮೊದಲ ಪುಟದಲ್ಲಿ ಇರುವುದು ಅದೇ ನಂಬರು. ಕೇಳಲು ಹೋದಾಗ ಮೊದಲ ವರ್ಷ ಗೇಟಿನಲ್ಲೇ ಮಾತು ಮುಗಿಸಿದರು. ಈ ವರ್ಷ ಜಗಲಿಯಲ್ಲಿ ಕೂರಿಸಿ ಚಹಾ ಕೊಟ್ಟರು. ಜೀಪಿಗೆ ಎಷ್ಟು ಹೇಳುತ್ತೀರಿ ಎಂದೆ. ಅದು ಕೊಡುವುದಕ್ಕಿಲ್ಲ, ನಿಮ್ಮ ಎಂಜಿನ್ನಿಗೆ ಎಷ್ಟು ಹೇಳುತ್ತೀರಿ ಎಂದು ಅವರು ಕೇಳಿದರು.

ಅದೂ ಕೊಡುವುದಕ್ಕಿಲ್ಲ ಎಂದು ಹೇಳಿ ಚಹಾ ಮುಗಿಸಿ ಬಂದೆ.