ಕಾಸರಗೋಡಿನಲ್ಲಿ ರಾತ್ರಿ ಎಂತ ಉಂಟು?

ನೀವು ಕೇಳಿದ್ದು ಎರಡು ಪ್ರಶ್ನೆ. ಕಾಸರಗೋಡಿನಲ್ಲಿ ನೈಟ್‌ಲೈಫ್ ಅಂತ ಏನಾದರೂ ಇದೆಯಾ? ಅಲ್ಲಿನ ಹುಡುಗರು ಎಂಥ ಹಾಡು ಕೇಳುತ್ತಾರೆ? ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿದೆ, ಬೆಂಗಳೂರು ಬಿಟ್ಟು ಬರುವ ಮೊದಲು ಊರಿನ ಕಲ್ಚರ್ ಹೇಗೆ ಅಂತ ಅಂದಾಜು ಬೇಕು ಅಂದಿರಿ. ಸರಿ, ಹೇಳುತ್ತೇನೆ.

ಮೊದಲನೆಯದಕ್ಕೆ ನೇರ ಉತ್ತರ: ನಿಮ್ಮ ಇಂದಿರಾನಗರದ ಲೆಕ್ಕದಲ್ಲಿ ನೋಡಿದರೆ ಸೊನ್ನೆ. ಬಾರ್‌ಗಳಿವೆ. ಮಂದ ಬೆಳಕಿನಲ್ಲಿ ಕುಡಿದು, ಬಿಲ್ ಕೊಟ್ಟು, ಎದ್ದು ಹೋಗುವ ಜಾಗಗಳು ಅವು. ಹಾಡೂ ಇಲ್ಲ, ಕುಣಿತವೂ ಇಲ್ಲ. ರಾತ್ರಿ ಒಂಬತ್ತು ದಾಟಿದರೆ ಪೇಟೆಯ ಹೆಚ್ಚಿನ ಶಟರ್‌ಗಳು ಕೆಳಗೆ ಬಿದ್ದಿರುತ್ತವೆ. ತಟ್ಟುಕಡೆಗಳಲ್ಲಿ, ಅಂದರೆ ರಸ್ತೆ ಬದಿಯ ಗೂಡಂಗಡಿಗಳಲ್ಲಿ, ಪರೋಟ, ಆಮ್ಲೆಟ್, ಕಟ್ಟನ್ ಚಾಯ (ಹಾಲಿಲ್ಲದ ಚಾ) ಸಿಗುತ್ತದೆ. ಗಲ್ಫಿನಿಂದ ಬರುವವರನ್ನು ಕರೆತರಲು ಮಂಗಳೂರು ಅಥವಾ ಕಣ್ಣೂರಿನ ಏರ್‌ಪೋರ್ಟಿಗೆ ಹೊರಟ ಕಾರಿನವರು ಅಲ್ಲಿ ನಿಂತು ಚಾ ಕುಡಿಯುತ್ತಾರೆ. ರಂಜಾನ್ ತಿಂಗಳಲ್ಲಿ ಮಾತ್ರ ಪೇಟೆಗೆ ಬೇರೆಯೇ ಕಳೆ. ಬಟ್ಟೆ ಅಂಗಡಿಗಳು ತಡರಾತ್ರಿ ತನಕ ತೆರೆದಿರುತ್ತವೆ. ಇಷ್ಟು ನೋಡಿ ಹೋದವರು "ಬೇಗ ಮಲಗುವ ಊರು" ಅಂತ ತೀರ್ಪು ಕೊಟ್ಟುಬಿಡುತ್ತಾರೆ.

ಅವರು ನೋಡಿದ್ದು ಪೇಟೆಯನ್ನು. ನಮ್ಮ ರಾತ್ರಿ ಇರುವುದು ಪೇಟೆಯಿಂದ ಹೊರಗೆ, ಬದಿಯಡ್ಕ, ಪೆರ್ಲ, ಬಾಯಾರು, ಮುಳ್ಳೇರಿಯ ಕಡೆಯ ಗದ್ದೆಗಳಲ್ಲಿ. ಮ್ಯಾಪಿನಲ್ಲಿ ಹುಡುಕಿದರೆ ಸಿಗುವಂಥದ್ದಲ್ಲ. ಊರಿನವರು ಯಾರಾದರೂ "ನಾಳೆ ನಮ್ಮಲ್ಲಿ ಆಟ ಉಂಟು, ಬನ್ನಿ" ಅಂದರೆ ಗೊತ್ತಾಗುತ್ತದೆ, ಅಷ್ಟೇ.

ಆಟ ಅಂದರೆ ಯಕ್ಷಗಾನ ಬಯಲಾಟ. ನೀವು ಬೆಂಗಳೂರಿನಲ್ಲಿ ಎಸಿ ಹಾಲಿನಲ್ಲಿ ಎರಡು ಗಂಟೆ ನೋಡಿರಬಹುದು. ಇಲ್ಲಿ ಅದರ ನಡೆಯೇ ಬೇರೆ. ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನ ಪಿತಾಮಹ ಅಂತ ಕರೆಯುವ ಪಾರ್ತಿಸುಬ್ಬ ನಮ್ಮ ಕುಂಬಳೆಯವನು, ಹಾಗಾಗಿ ಇಲ್ಲಿನವರಿಗೆ ಆಟದ ಮೇಲೆ ಸ್ವಲ್ಪ ಯಜಮಾನಿಕೆಯ ಭಾವವೂ ಉಂಟು. ಹರಕೆ ಆಟಕ್ಕೆ ಟಿಕೆಟ್ ಇಲ್ಲ. ಒಂದು ಮನೆಯವರು ಯಾವುದೋ ಕಷ್ಟ ಕಳೆಯಲಿ ಅಂತ ದೇವಿಗೆ ಹೇಳಿಕೊಂಡಿರುತ್ತಾರೆ. ಕಟೀಲು ದೇವಸ್ಥಾನದ ಮೇಳದ (ಯಕ್ಷಗಾನ ತಂಡದ) ಆಟ ಆಡಿಸಬೇಕಾದರೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು. ಸರದಿ ಬಂದಾಗ ಮನೆಯವರು ಗದ್ದೆ ಸಮ ಮಾಡಿಸಿ, ಬಂದವರಿಗೆಲ್ಲ ಊಟ ಹಾಕುತ್ತಾರೆ. ನೀವು ಯಾರು, ಎಲ್ಲಿಂದ ಬಂದಿರಿ ಅಂತ ಕೇಳುವವರಿಲ್ಲ. ಊಟ ಮಾಡಿದಿರಾ ಅಂತ ಕೇಳುತ್ತಾರೆ.

ಚೌಕಿಗೆ, ಅಂದರೆ ಬಣ್ಣದ ಮನೆಗೆ ಹೋಗಿ ವೇಷಧಾರಿಗಳು ಬಣ್ಣ ಹಾಕಿಕೊಳ್ಳುವುದನ್ನು ಪಕ್ಕದಲ್ಲೇ ನಿಂತು ನೋಡಬಹುದು. ಹೊರಗೆ ಚರುಂಬುರಿ, ಕಡ್ಲೆ, ಬಲೂನಿನ ಸಂತೆ. ದೇವಿ ಮಹಾತ್ಮೆ ಪ್ರಸಂಗವಾದರೆ ಮಹಿಷಾಸುರ ಚೌಕಿಯಿಂದ ನೇರ ರಂಗಸ್ಥಳಕ್ಕೆ ಬರುವುದಿಲ್ಲ. ದೂರದ ಕತ್ತಲೆಯಿಂದ, ದೊಂದಿಗಳ (ಪಂಜುಗಳ) ಬೆಂಕಿಯ ನಡುವೆ, ಜನರನ್ನು ಸೀಳಿಕೊಂಡು ಬರುತ್ತಾನೆ. ಚಾಪೆಯ ಮೇಲೆ ನಿದ್ದೆ ಹೋದ ಮಕ್ಕಳನ್ನು ಅಮ್ಮಂದಿರು ತಟ್ಟಿ ಎಬ್ಬಿಸುವುದು ಆಗಲೇ. ಮೈ ಜುಂ ಅನ್ನುತ್ತದೆ ಮಾರಾಯ್ರೆ. ಯಾವ ಸೌಂಡ್ ಸಿಸ್ಟಮೂ ಬೇಡ, ಚೆಂಡೆ ಒಂದೇ ಸಾಕು.

ಇಡೀ ರಾತ್ರಿ ಆಟ ಯಾಕೆ ಅಂತ ಹೊರಗಿನವರು ಕೇಳುತ್ತಾರೆ. ನನಗೆ ತೋರುವ ಕಾರಣ ಸರಳ. ಬಸ್ಸು, ಕರೆಂಟು ಇಲ್ಲದ ಕಾಲದಲ್ಲಿ ಗುಡ್ಡ ಹತ್ತಿ, ತೋಡು ದಾಟಿ ಬಂದವರು ಮಧ್ಯರಾತ್ರಿ ವಾಪಸು ಹೋಗುವುದು ಹೇಗೆ? ಬೆಳಗಾಗುವ ತನಕ ಇರಲೇಬೇಕು. ಈಗ ಎಲ್ಲರ ಮನೆಯಲ್ಲೂ ಬೈಕು ಉಂಟು, ಮರುದಿನ ಆಫೀಸೂ ಉಂಟು. ಜೊತೆಗೆ 2000ದ ಶಬ್ದಮಾಲಿನ್ಯ ನಿಯಮ, ಅಂದರೆ ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಧ್ವನಿವರ್ಧಕಕ್ಕೆ ತಡೆ. ಹಾಗಾಗಿ ಆಟವೂ ಕಾಲಮಿತಿಗೆ ಇಳಿಯುತ್ತಿದೆ. ಸಂಜೆ ಶುರುವಾಗಿ ಮಧ್ಯರಾತ್ರಿಯ ಸುಮಾರಿಗೆ ಮುಗಿಯುತ್ತದೆ. ಹಳಬರಿಗೆ ಬೇಜಾರು, ಮಕ್ಕಳಿರುವವರಿಗೆ ಅನುಕೂಲ. ಪಡ್ರೆಯ ಬಲಿಪ ನಾರಾಯಣ ಭಾಗವತರಂಥವರ ಏರುಶ್ರುತಿಯ ಹಾಡನ್ನು ಗದ್ದೆಯಲ್ಲಿ ಕುಳಿತು ಕೇಳಿದವರಿಗೆ ಈಗಿನದು ಅರ್ಧ ಊಟದ ಹಾಗೆ ಅನಿಸಿದರೆ ತಪ್ಪಿಲ್ಲ. ಬಲಿಪರು 2023ರಲ್ಲಿ ತೀರಿಕೊಂಡರು.

ಪೆರಿಯ ಇರುವುದು ಚಂದ್ರಗಿರಿ ಹೊಳೆಯ ತೆಂಕು ಬದಿಗೆ. ಅಲ್ಲಿ ನಿಮಗೆ ಆಟಕ್ಕಿಂತ ತೆಯ್ಯಂ, ಅಂದರೆ ದೈವದ ವೇಷ ಕಟ್ಟಿ ಕುಣಿಯುವ ಆರಾಧನೆ, ಜಾಸ್ತಿ ಸಿಗುತ್ತದೆ. ಹೊಳೆಯ ಬಡಗು ಬದಿಯಲ್ಲಿ ತುಳುನಾಡಿನ ಭೂತಕೋಲ. ಗಡಿ ಗೆರೆ ಎಳೆದ ಹಾಗೆ ಏನಿಲ್ಲ, ಎರಡೂ ಬೆರೆತುಹೋಗಿವೆ. ಕುಂಬಳೆ ಹತ್ತಿರದ ಆರಿಕ್ಕಾಡಿಯಲ್ಲಿ ಆಲಿ ಅಂತ ಒಂದು ಮುಸ್ಲಿಂ ತೆಯ್ಯಂ ಉಂಟು. ಮಂಜೇಶ್ವರದ ಉದ್ಯಾವರ ಮಾಡದಲ್ಲಿ (ದೈವಸ್ಥಾನದಲ್ಲಿ) ಜಾತ್ರೆಗೆ ಮೊದಲು ದೈವಗಳ ಕಡೆಯವರು ಪಳ್ಳಿಗೆ, ಅಂದರೆ ಮಸೀದಿಗೆ ಹೋಗಿ ಜಮಾತಿನವರನ್ನು ಆಮಂತ್ರಿಸಿ ಬರುತ್ತಾರೆ. ಸೌಹಾರ್ದದ ಭಾಷಣಕ್ಕೆ ಇದನ್ನು ಎಲ್ಲರೂ ಎತ್ತಿಕೊಳ್ಳುತ್ತಾರೆ. ಊರಿನವರು ಮಾತ್ರ ಅದನ್ನು ಸುಮ್ನೆ ಮಾಡುತ್ತಾ ಬಂದಿದ್ದಾರೆ.

ಇನ್ನು ಮೊಗ್ರಾಲ್. ಕುಂಬಳೆಗೆ ತಾಗಿದ ಈ ಊರಿಗೆ ಇಶಲ್ ಗ್ರಾಮ (ಹಾಡಿನ ಧಾಟಿಗಳ ಊರು) ಅಂತ ಹೆಸರು, ಮಲಬಾರಿನ ಮುಸ್ಲಿಮರ ಹಾಡಾದ ಮಾಪ್ಪಿಳಪಾಟ್ಟಿನ ಕವಿಗಳು ಅಷ್ಟು ಮಂದಿ ಅಲ್ಲಿ ಆಗಿಹೋಗಿದ್ದಾರೆ. ಕಾಸರಗೋಡು ಪೇಟೆಗೆ ತಾಗಿದ ತಳಂಗರೆಯ ಟಿ. ಉಬೈದ್ ಮಲಯಾಳಂ ಕವಿ, ಕನ್ನಡದಿಂದ ಅನುವಾದವನ್ನೂ ಮಾಡಿದವರು. ಮದುವೆ ಮನೆಯ ರಾತ್ರಿ ಹಾಡು, ಕೋಲಾಟದಂಥ ಕೋಲ್ಕಳಿ ನಡೆಯುತ್ತದೆ. ಮೊಗ್ರಾಲಿನ ಇನ್ನೊಂದು ಹುಚ್ಚು ಫುಟ್‌ಬಾಲ್. ಫ್ಲಡ್‌ಲೈಟ್ ಹಾಕಿ ರಾತ್ರಿ ಸೆವೆನ್ಸ್ ಪಂದ್ಯ (ತಂಡಕ್ಕೆ ಏಳು ಜನ) ನಡೆದರೆ ಸುತ್ತಲಿನ ಗಂಡಸರೆಲ್ಲ ಅಲ್ಲೇ. ಮಲಬಾರಿನ ಸೆವೆನ್ಸ್ ತಂಡಗಳಿಗೆ ಆಫ್ರಿಕಾದಿಂದ ಆಟಗಾರರನ್ನು ಕರೆಸುತ್ತಾರೆ ಅಂದರೆ ಹುಚ್ಚು ಎಷ್ಟು ಅಂತ ಲೆಕ್ಕ ಹಾಕಿ. ಬೇಳದ ಕಡೆಯ ಕ್ರೈಸ್ತರ ಮನೆಗಳಲ್ಲಿ ಮದುವೆಯ ಹಿಂದಿನ ರಾತ್ರಿ ರೋಸ್ ಅನ್ನುವ ಶಾಸ್ತ್ರ, ತೆಂಗಿನಹಾಲು ಹಚ್ಚಿ ಕೊಂಕಣಿ ಹಾಡು. ಅದಕ್ಕೆ ಆಮಂತ್ರಣ ಬೇಕು, ಸುಮ್ನೆ ನುಗ್ಗಬೇಡಿ.

ಈಗ ಹಾಡಿನ ಪ್ರಶ್ನೆ. ಇಲ್ಲಿ ಹಾಡು ಕೇಳಿ ಮನುಷ್ಯನನ್ನು ಅಳೆಯಲು ಹೋದರೆ ಮೋಸ ಹೋಗುತ್ತೀರಿ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಅಲ್ಲಿಂದ ಮೂರು ತಲೆಮಾರು ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳಂ, ಅಂಗಳದಲ್ಲಿ ತುಳು ಅಥವಾ ಹವ್ಯಕ ಅಥವಾ ಬ್ಯಾರಿ ಅಂತ ಬೆಳೆದಿದೆ. ಮುಳ್ಳೇರಿಯದ ಕನ್ನಡ ಮೀಡಿಯಂ ಹುಡುಗನ ಮೊಬೈಲಿನಲ್ಲಿ ಹೊಸ ಮಲಯಾಳಂ ರ‍್ಯಾಪ್, ಕನ್ನಡ ಸಿನಿಮಾ ಹಾಡು, ತಮಿಳು, ಯಕ್ಷಗಾನದ ತುಣುಕು ಎಲ್ಲವೂ ಇರುತ್ತದೆ. ಮಲಬಾರಿನುದ್ದಕ್ಕೂ ರಫಿಯ ಭಕ್ತರು ಇದ್ದಾರೆ, ಇಲ್ಲೂ ಇದ್ದಾರೆ. ಭಜನಾ ಮಂದಿರಗಳಲ್ಲಿ ಈಗ ಕುಣಿತ ಭಜನೆಯ ಕಾಲ. ಅದೇ ಮಕ್ಕಳು ಮೆರವಣಿಗೆಯಲ್ಲಿ ನಾಸಿಕ್ ಬ್ಯಾಂಡಿಗೂ ಕುಣಿಯುತ್ತಾರೆ. 2022ರ ಡಿಸೆಂಬರಿನಲ್ಲಿ ಬೇಕಲದ ಕಡಲ ತೀರದಲ್ಲಿ ಬೀಚ್ ಫೆಸ್ಟ್ ಶುರು ಮಾಡಿದಾಗ ಜನ ತುಂಬಿ ತುಳುಕಿದ್ದೂ ಇದೇ ಊರಿನಲ್ಲಿ.

ನಮ್ಮನ್ನು ಹಾಡಿನಿಂದ ಅಳೆಯುವವರು ಎರಡು ಕಡೆಯಲ್ಲೂ ಇದ್ದಾರೆ. "ಗಡಿನಾಡ ಕನ್ನಡಿಗರಾಗಿ ಮಲಯಾಳಂ ಹಾಡು ಕೇಳ್ತೀರಾ?" ಅಂತ ಕರ್ನಾಟಕದವರು. "ಕೇರಳದಲ್ಲಿದ್ದು ಯೇಸುದಾಸ್ ಬಿಟ್ಟು ಅದೆಂತ ಚೆಂಡೆ ಪದ?" ಅಂತ ತಿರುವನಂತಪುರದವರು. ಮಜಾ ಏನೆಂದರೆ ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನ ಒಂದು ಸ್ಪರ್ಧೆ. ಕನ್ನಡ ಬಾರದ ಮಕ್ಕಳೂ ಕನ್ನಡದ ಅರ್ಥ, ಅಂದರೆ ಪಾತ್ರದ ಮಾತು, ಬಾಯಿಪಾಠ ಮಾಡಿ ಗೆಜ್ಜೆ ಕಟ್ಟುತ್ತಾರೆ. ಇನ್ನೊಂದು ಉದಾಹರಣೆ 2020ರಲ್ಲಿ ತೀರಿಕೊಂಡ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು. ದೇಶಕ್ಕೆಲ್ಲ ಅವರು ಸಂವಿಧಾನದ ಮೂಲರಚನೆಯ ಬಗ್ಗೆ ಬಂದ 1973ರ ಸುಪ್ರೀಂ ಕೋರ್ಟ್ ತೀರ್ಪಿನ ಹೆಸರು. ಇಲ್ಲಿನವರಿಗೆ ಅವರು ಹಾಡುಗಾರರು, ಭಾಗವತಿಕೆ (ಯಕ್ಷಗಾನದ ಹಾಡುಗಾರಿಕೆ) ಮಾಡುತ್ತಿದ್ದ ಸ್ವಾಮಿಗಳು.

ಹಾಗಂತ ರಾತ್ರಿಯನ್ನು ನೋಡಿ ಊರನ್ನು ಅಳೆಯಲೇಬಾರದು ಅಂತ ನಾನು ಹೇಳುವುದಿಲ್ಲ. ಅಳೆಯಬಹುದು. ಏನು ತೆರೆದಿದೆ ಅಂತ ಬಿಟ್ಟು, ಯಾರು ಹೊರಗಿರಬಹುದು ಅಂತ ನೋಡಬೇಕು. ಹಾಗೆ ನೋಡಿದರೆ ನಮಗೆ ಸಿಗುವ ಮಾರ್ಕು ಅಷ್ಟೇನೂ ಚೆನ್ನಾಗಿಲ್ಲ. ಆಟದ ಗದ್ದೆಯಲ್ಲಿ ರಾತ್ರಿ ಹನ್ನೆರಡಕ್ಕೆ ಹೆಂಗಸರು ನಿಶ್ಚಿಂತೆಯಿಂದ ಕೂತಿರುತ್ತಾರೆ. ಅದೇ ಹೊತ್ತಿಗೆ ಒಬ್ಬಳು ಹುಡುಗಿ ತಟ್ಟುಕಡೆಯಲ್ಲಿ ಒಬ್ಬಳೇ ಚಾ ಕುಡಿದರೆ ಮರುದಿನ ಮನೆಗೆ ಸುದ್ದಿ ಮುಟ್ಟುತ್ತದೆ. ಬೇರೆ ಬೇರೆ ಧರ್ಮದ ಹುಡುಗ ಹುಡುಗಿ ಜೊತೆಗೆ ಕಂಡರಂತೂ ಕೇಳುವುದೇ ಬೇಡ. ಪಬ್ ಇಲ್ಲದ್ದೇ ಸಂಸ್ಕೃತಿ ಅನ್ನುವವರ ಅಳತೆಯೂ ಪಬ್ ಎಣಿಸುವವರ ಅಳತೆಯೂ ಒಂದೇ ಜಾತಿಯದ್ದು. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿಗೆ ನುಗ್ಗಿ ಹುಡುಗಿಯರಿಗೆ ಹೊಡೆದದ್ದು ಆ ಮೊದಲನೆಯ ಅಳತೆಯನ್ನು ಕೈಯಲ್ಲಿ ಹಿಡಿದುಕೊಂಡೇ.

ದೈವ ಕಟ್ಟುವವರ ವಿಷಯವೂ ಹಾಗೆಯೇ. ತೆಂಕಿನಲ್ಲಿ ವಣ್ಣಾನ್, ಮಲಯನ್ ಜಾತಿಯವರು. ಬಡಗಿನಲ್ಲಿ ನಲಿಕೆ, ಪಂಬದ, ಪರವ. ರಾತ್ರಿ ಇಡೀ ಊರು ಅವರ ಮುಂದೆ ಕೈ ಮುಗಿಯುತ್ತದೆ. ಬೆಳಗ್ಗೆ ಬಣ್ಣ ತೊಳೆದ ಮೇಲೆ ಅದೇ ಗೌರವ ಎಲ್ಲ ಮನೆಗಳ ಒಳಗೆ ಸಿಗುತ್ತದೆ ಅಂತ ಹೇಳಲಾರೆ. ಬದಲಾವಣೆ ಇಲ್ಲವೇ ಇಲ್ಲ ಅಂತಲೂ ಅಲ್ಲ. ಮಧೂರಿನಲ್ಲಿ ಹುಟ್ಟಿದ ಲೀಲಾವತಿ ಬೈಪಾಡಿತ್ತಾಯರು ತೆಂಕುತಿಟ್ಟಿನ ವೃತ್ತಿಮೇಳದಲ್ಲಿ ಭಾಗವತಿಕೆ ಮಾಡಿದ ಮೊದಲ ಮಹಿಳೆ. ಗಂಡಸರೇ ತುಂಬಿದ್ದ ಮೇಳದ ಜೊತೆ ಊರೂರು ತಿರುಗಿ ರಾತ್ರಿ ಹಾಡಿದರು. 2024ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಹಾಡುವ ಹುಡುಗಿಯರ ಒಂದು ಸಾಲೇ ಹಿಂದೆ ಬಂದಿತ್ತು.

ಬರುವ ತಿಂಗಳು ನೋಡಿಕೊಂಡು ಬನ್ನಿ. ತೆಯ್ಯಂ ಅಕ್ಟೋಬರ್ ಕೊನೆಗೆ ಶುರು, ಮೇಳಗಳು ಹೊರಡುವುದು ದೀಪಾವಳಿ ಕಳೆದ ಮೇಲೆ. ಜನವರಿ ನಡುವಿಗೆ ಕುಂಬಳೆಯ ಕಣಿಪುರ ದೇವಸ್ಥಾನದ ಜಾತ್ರೆ, ಅಲ್ಲಿನ ಕುಂಬಳೆ ಬೆಡಿ (ಸಿಡಿಮದ್ದು) ತಪ್ಪಿಸಬೇಡಿ. ಮೇ ಕೊನೆಯ ವಾರ ಪತ್ತನಾಜೆ ಬಂದರೆ ಕೋಲ, ಆಟ, ಜಾತ್ರೆ ಎಲ್ಲಕ್ಕೂ ತೆರೆ ಬೀಳುತ್ತದೆ. ಮಳೆಗಾಲದಲ್ಲಿ ಕೂಟ, ಅಂದರೆ ತಾಳಮದ್ದಳೆ. ವೇಷ ಇಲ್ಲ, ಮಾತೇ ಎಲ್ಲ. ಕೂಟದ ಮಾತಿಗೆ ಹೆಸರಾದ ಶೇಣಿ ಗೋಪಾಲಕೃಷ್ಣ ಭಟ್ಟರ ಊರು ಇದು, ವಾದ ಕೇಳುವ ಕಿವಿ ಇದ್ದರೆ ನಿಮಗೆ ಹಬ್ಬ.

ಪಬ್ ಬೇಕೇ ಬೇಕು ಅನಿಸಿದ ಶನಿವಾರ ಮಂಗಳೂರಿಗೆ ಹೋಗಿ, ನಮ್ಮ ಹುಡುಗರೂ ಹೋಗುತ್ತಾರೆ. ವಾಪಸು ಬರುವ ಕೊನೆಯ ಬಸ್ಸು ಎಷ್ಟಕ್ಕೆ ಅಂತ ಮೊದಲೇ ವಿಚಾರಿಸಿಟ್ಟುಕೊಳ್ಳಿ. ಅರ್ಧರಾತ್ರಿ ತಲಪಾಡಿಯಲ್ಲಿ ಸಿಕ್ಕಿಹಾಕಿಕೊಂಡರೆ ಆಟೋದವರು ಹೇಳಿದ್ದೇ ರೇಟು.