ಕೋಡಿ ಹರಿದ ನೀರು ವ್ಯರ್ಥವಲ್ಲ

ಮಳೆನೀರು ಮತ್ತು ಮಣ್ಣನ್ನು ಹಿಡಿದಿಡುವ ಜಲಾನಯನ ಕಾಮಗಾರಿಗಳನ್ನು ಊರೂರಿಗೆ ಹಂಚಿಕೊಡುವ ಬದಲು ಇಡೀ ಕಣಿವೆಗೆ ಒಂದೇ ಯೋಜನೆ ಇರಬೇಕೆಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. ಗೌರಿಬಿದನೂರು ತಾಲ್ಲೂಕಿನ ಓದುಗರೊಬ್ಬರು ಅದನ್ನು ಆಕ್ಷೇಪಿಸಿ ದೀರ್ಘವಾದ ಪತ್ರ ಬರೆದಿದ್ದಾರೆ. ಅವರ ಊರಿನ ಹಳ್ಳಕ್ಕೆ ಕಟ್ಟಿದ ಚೆಕ್ ಡ್ಯಾಂಗಳಿಂದ ಬತ್ತಿದ್ದ ಕೊಳವೆಬಾವಿಗಳಲ್ಲಿ ಮತ್ತೆ ನೀರು ಬಂದಿದೆಯಂತೆ. ಇನ್ನೂ ಎರಡನ್ನು ಕಟ್ಟಲು ಪಂಚಾಯಿತಿಯ ಕ್ರಿಯಾಯೋಜನೆಗೆ ಸೇರಿಸಿದ್ದಾರಂತೆ. “ನಮ್ಮ ಹೊಲದ ಮೇಲೆ ಬಿದ್ದ ಮಳೆ ನಮ್ಮೂರಲ್ಲೇ ನಿಲ್ಲಲಿ ಎನ್ನುವುದರಲ್ಲಿ ತಪ್ಪೇನಿದೆ? ಕೋಡಿ ಹರಿದು ಆಂಧ್ರ ಸೇರುವ ನೀರು ವ್ಯರ್ಥವಲ್ಲವೇ?” ಎಂಬುದು ಅವರ ಪ್ರಶ್ನೆ.

ಮಾನ್ಯರೇ, ಬದು ಹಾಕಿ, ಕಂದಕ ತೋಡಿ, ಮಣ್ಣು ಕೊಚ್ಚಿಹೋಗದಂತೆ ತಡೆದ ನಿಮ್ಮ ಊರಿನವರ ದುಡಿಮೆಯನ್ನು ನಾನು ಕೀಳಾಗಿ ಕಾಣುವುದಿಲ್ಲ. ಆದರೆ ನಿಮ್ಮ ಪತ್ರದಲ್ಲಿ ಮೇಲಿನ ಬೆಟ್ಟವಿದೆ, ನಡುವಿನ ಹೊಲಗಳಿವೆ, ನಿಮ್ಮ ಕೆರೆಯಿದೆ. ಕೆಳಗಿನ ಊರು ಮಾತ್ರ ಎಲ್ಲಿಯೂ ಇಲ್ಲ.

ಕೋಲಾರ, ಚಿಕ್ಕಬಳ್ಳಾಪುರಗಳ ಕಡೆ ವರ್ಷವಿಡೀ ಹರಿಯುವ ನದಿಯಿಲ್ಲದ್ದರಿಂದ ಹಿರಿಯರು ಕೆರೆಗಳನ್ನು ಒಂದರ ಕೆಳಗೊಂದರಂತೆ ಸರಪಳಿಯಾಗಿ ಕಟ್ಟಿದರು. ಮೇಲಿನ ಕೆರೆ ತುಂಬಿ ಅದರ ಕೋಡಿ ಹರಿದರೆ ಕೆಳಗಿನದು ತುಂಬುತ್ತದೆ. ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದ ಮೇಜರ್ ಸ್ಯಾಂಕಿ 1866ರಲ್ಲೇ ಈ ವ್ಯವಸ್ಥೆಯನ್ನು ಕಂಡು ಬೆರಗಾಗಿ ಬರೆದಿದ್ದರು. ಸಂಸ್ಥಾನದ 27,269 ಚದರ ಮೈಲಿಗಳಲ್ಲಿ ಸುಮಾರು ಶೇ 60ರಷ್ಟು ನೆಲ ಆಗಲೇ ಕೆರೆಗಳ ಹಿಡಿತಕ್ಕೆ ಬಂದಿತ್ತು. ಹಳೆಯದನ್ನು ದುರಸ್ತಿ ಮಾಡಬಹುದು, ಆದರೆ ಈ ಪ್ರದೇಶದಲ್ಲಿ ಹೊಸದಾಗಿ ಏನು ಕಟ್ಟಿದರೂ ಅದು ಅದೇ ಕಣಿವೆಯ ಕೆಳಗಿನ ಇನ್ನೊಂದು ಕೆರೆಯ ನೀರನ್ನು ಕಡಿಯುವುದು ಬಹುತೇಕ ಖಚಿತ ಎಂಬುದು ಅವರ ತೀರ್ಮಾನವಾಗಿತ್ತು. ಒಂದೂವರೆ ಶತಮಾನದ ಹಿಂದೆಯೇ ಹೇಳಿದ ಈ ಮಾತನ್ನು ಹೊಸ ಕಾಮಗಾರಿ ಮಂಜೂರು ಮಾಡುವ ಪ್ರತಿಯೊಬ್ಬ ಅಧಿಕಾರಿಯೂ ಓದಿರಬೇಕಿತ್ತು.

ಕೋಲಾರದ ಕಡೆಯ ಒಂದು ಕೆರೆಯ ಕೋಡಿಯ ಬಳಿ ನಾನು ಕಂಡದ್ದನ್ನು ಹೇಳುತ್ತೇನೆ. ಒಳ್ಳೆಯ ಮಳೆಯಾದ ವರ್ಷ. ಸಾಲಾಗಿ ನೆಟ್ಟ ಕೋಡಿಕಲ್ಲುಗಳ ಸಂದಿನಲ್ಲಿ ಹುಲ್ಲುಹೆಂಟೆ ತುರುಕಿ, ಮೇಲೆ ಎರಡು ಸಾಲು ಮರಳು ಚೀಲ ಪೇರಿಸಿದ್ದರು. ಇನ್ನೊಂದು ಅಡಿ ನೀರು ನಿಲ್ಲಲಿ ಎಂಬ ಆಸೆ. ಕೆರೆಯ ನೀರು ಹಂಚುವ ನೀರುಗಂಟಿ ಮನೆತನದ ಹಿರಿಯರೊಬ್ಬರು ಏರಿಯ ಮೇಲೆ ನಿಂತು ನೋಡುತ್ತಿದ್ದರು. “ಮೊದಲಾಗಿದ್ದರೆ ಕೆಳಗಿನೂರಿನವರು ರಾತ್ರೋರಾತ್ರಿ ಬಂದು ಇದನ್ನು ಕಿತ್ತು ಹಾಕುತ್ತಿದ್ದರು ಸ್ವಾಮಿ. ಈಗ ತಮ್ಮ ಕೆರೆಗೆ ನೀರು ಬರುತ್ತದೆ ಅನ್ನುವ ನಂಬಿಕೆಯೇ ಅವರಿಗಿಲ್ಲ, ಯಾರೂ ಬರೋದಿಲ್ಲ” ಎಂದರು. ಆ ಜಗಳ ನಿಂತುಹೋದದ್ದು ನನಗೆ ಶಾಂತಿಯಾಗಿ ತೋರಲಿಲ್ಲ.

ಹೀಗೆ ಒಂದೊಂದೇ ಕಡೆ ನೀರು ಕಡಿದರೆ ಇಡೀ ನದಿಗೇನಾಗುತ್ತದೆ ಎಂಬುದಕ್ಕೆ ಅರ್ಕಾವತಿಯನ್ನು ನೋಡಿ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಈ ನದಿಯನ್ನು ನಂಬಿ 1890ರ ದಶಕದಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ಬೆಂಗಳೂರಿಗೆ ನೀರು ತಂದರು. ಆಮೇಲೆ ಹರಿವು ಸೊರಗಿತು. ಮಳೆ ಕಡಿಮೆಯಾಗಿದೆ ಎಂದು ಎಲ್ಲರೂ ಹೇಳಿದರು. ಸಂಶೋಧಕರು ದಾಖಲೆಗಳನ್ನು ತೆಗೆದು ನೋಡಿದಾಗ ಮಳೆ ಅಷ್ಟೇನೂ ಬದಲಾಗಿರಲಿಲ್ಲ. ಮಿತಿಯಿಲ್ಲದ ಕೊಳವೆಬಾವಿಗಳು, ಹೊಲಹೊಲಕ್ಕೆ ಹಬ್ಬಿದ ನೀಲಗಿರಿ ತೋಪುಗಳು, ಹಳ್ಳಗಳಿಗೆ ಅಡ್ಡಲಾಗಿ ಎದ್ದ ಕಟ್ಟೆಗಳು, ಇವು ಕಾರಣಗಳಾಗಿ ಎದ್ದು ಕಂಡವು. ಪ್ರತಿಯೊಂದನ್ನೂ ಒಳ್ಳೆಯ ಉದ್ದೇಶದಿಂದಲೇ ಮಾಡಿದ್ದರು. ಆದರೆ ಎಲ್ಲವನ್ನೂ ಸೇರಿಸಿ ಲೆಕ್ಕ ಹಾಕುವವರು ಯಾರೂ ಇರಲಿಲ್ಲ.

ನನ್ನ ನಿಜವಾದ ಸಂಕಟ ಇರುವುದು ಇಲ್ಲಿ. ಅಚ್ಚುಕಟ್ಟು, ಅಂದರೆ ಕೆರೆಯ ನೀರುಣ್ಣುವ ಜಮೀನು, 40 ಹೆಕ್ಟೇರ್‌ಗಿಂತ ಕಡಿಮೆಯಿದ್ದರೆ ಕೆರೆ ಪಂಚಾಯಿತಿ ವ್ಯವಸ್ಥೆಗೆ, ಹೆಚ್ಚಿದ್ದರೆ ಸಣ್ಣ ನೀರಾವರಿ ಇಲಾಖೆಗೆ ಸೇರುತ್ತದೆ. ಹಾಗಾಗಿ ಒಂದೇ ಸರಪಳಿಯ ಮೂರು ಕೆರೆಗಳು ಇಬ್ಬರು ಯಜಮಾನರ ಕೈಯಲ್ಲಿರುತ್ತವೆ. ಮೇಲಿನ ಗುಡ್ಡ ಅರಣ್ಯ ಇಲಾಖೆಯದು, ಕೆರೆಗೆ ನೀರು ತರುವ ರಾಜಕಾಲುವೆಯ ಒತ್ತುವರಿ ತೆರವು ಕಂದಾಯ ಇಲಾಖೆಯದು, ಬದು ಮತ್ತು ಕೃಷಿಹೊಂಡ ಕೃಷಿ ಇಲಾಖೆಯದು, ನೆಲದಡಿಯ ನೀರು ಅಂತರ್ಜಲ ನಿರ್ದೇಶನಾಲಯದ್ದು. 2008ರಲ್ಲಿ ಕೇಂದ್ರ ಹೊರಡಿಸಿದ ಜಲಾನಯನ ಮಾರ್ಗಸೂಚಿಯು 1,000ದಿಂದ 5,000 ಹೆಕ್ಟೇರ್‌ಗಳ ಗುಚ್ಛವನ್ನು ಒಂದು ಘಟಕವಾಗಿ ತೆಗೆದುಕೊಳ್ಳಬೇಕೆಂದಿತು. ಅದು ಒಳ್ಳೆಯ ಹೆಜ್ಜೆ. ಆದರೂ ಆ ಘಟಕದ ಗಡಿ ದಾಟಿದ ಮೇಲೆ ನೀರೆಷ್ಟು ಹೋಗಬೇಕು ಎಂದು ಕೇಳುವವರಿಲ್ಲದಿದ್ದರೆ ಗಡಿಯೊಳಗಿನ ಜನ ಎಲ್ಲವನ್ನೂ ಹಿಡಿದಿಡಲು ನೋಡುವುದು ಸಹಜ.

ನಿಮ್ಮ ಬಾವಿಗಳಲ್ಲಿ ನೀರು ಬಂದ ಮೇಲೆ ಏನು ಬೆಳೆದಿರಿ ಎಂಬುದನ್ನು ನೀವು ಬರೆದಿಲ್ಲ. ನೀರು ಏರಿದ ಕಡೆಯಲ್ಲೆಲ್ಲ ರಾಗಿ, ಅವರೆಯ ಜಾಗಕ್ಕೆ ಟೊಮೆಟೊ ಮತ್ತು ದ್ರಾಕ್ಷಿ ಬರುವುದನ್ನೂ ಇನ್ನಷ್ಟು ಆಳಕ್ಕೆ ಬೋರು ಇಳಿಯುವುದನ್ನೂ ನೋಡುತ್ತಲೇ ಇದ್ದೇನೆ. ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿಹೊಂಡ ಅಂತರ್ಜಲಕ್ಕೆ ಒಂದು ಹನಿಯನ್ನೂ ಇಳಿಸುವುದಿಲ್ಲ. ಕೊಳವೆಬಾವಿಗಳ ನೋಂದಣಿಗೆಂದು 2011ರ ಅಂತರ್ಜಲ ಕಾಯ್ದೆಯಿದೆ. ಆದರೆ ಚೆಕ್ ಡ್ಯಾಂ ಉದ್ಘಾಟನೆಗೆ ಬರುವ ಯಾವ ಜನಪ್ರತಿನಿಧಿಯೂ ಬೋರ್‌ವೆಲ್‌ಗೆ ಮಿತಿ ಹಾಕೋಣ ಎಂದು ವೇದಿಕೆಯ ಮೇಲೆ ಹೇಳಿದ್ದನ್ನು ನಾನು ಕೇಳಿಲ್ಲ. ಬಳಕೆಯ ಮಾತೆತ್ತದ ಜಲಾನಯನ ಯೋಜನೆಯನ್ನು ನಾನು ಯೋಜನೆ ಎಂದೇ ಒಪ್ಪುವುದಿಲ್ಲ.

ಆಂಧ್ರಕ್ಕೆ ಹೋಗುವ ನೀರು ವ್ಯರ್ಥವೇ ಎಂದು ಕೇಳಿದಿರಿ. ನಿಮ್ಮ ಊರ ಕಡೆಯ ಉತ್ತರ ಪಿನಾಕಿನಿ ಮುಂದೆ ಹರಿಯುವುದು ಕಡಪ ಸೀಮೆಯಲ್ಲಿ. ಅಲ್ಲಿನ ಪೋರುಮಾಮಿಳ್ಳದಲ್ಲಿ ವಿಜಯನಗರದ ರಾಜಕುಮಾರ ಭಾಸ್ಕರನು ಕಟ್ಟಿಸಿದ ಕೆರೆಯ 1369ರ ಶಾಸನವಿದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಬರುವ ಆರು ದೋಷಗಳನ್ನೂ ಅದು ಹೇಳುತ್ತದೆ. ಎರಡು ರಾಜ್ಯಗಳ ಗಡಿಯಲ್ಲಿರುವುದು ಆ ದೋಷಗಳಲ್ಲೊಂದು. ನೀರಿಗೆ ಇಬ್ಬರು ಹಕ್ಕುದಾರರಾದರೆ ಏನಾಗುತ್ತದೆಂದು ಅಂದಿನವರು ಬಲ್ಲವರಾಗಿದ್ದರು. ಇಂದು ನಾವು ಪ್ರತಿ ಗ್ರಾಮ ಪಂಚಾಯಿತಿಯ ಎಲ್ಲೆಯನ್ನೂ ಅಂಥ ಗಡಿಯನ್ನಾಗಿ ಮಾಡಿಕೊಂಡಿದ್ದೇವೆ.

ನಿಮ್ಮ ಎರಡು ಹೊಸ ಚೆಕ್ ಡ್ಯಾಂಗಳ ವಿಷಯಕ್ಕೆ ಬರುತ್ತೇನೆ. ಆ ಹಣವನ್ನು ನಿಮ್ಮ ಕೆರೆಯ ಹೂಳೆತ್ತಲು, ತೂಬು ರಿಪೇರಿಗೆ, ರಾಜಕಾಲುವೆಯ ಜಾಲಿ ತೆಗೆಸಲು ಬಳಸಿ ಎಂಬುದೇ ನನ್ನ ಸಲಹೆ. ಕಟ್ಟಲೇಬೇಕೆಂದಿದ್ದರೆ, ಕ್ರಿಯಾಯೋಜನೆಗೆ ಒಪ್ಪಿಗೆ ಕೊಡುವ ಗ್ರಾಮಸಭೆಗೆ ಕೆಳಗಿನ ಎರಡು ಕೆರೆಗಳ ಅಚ್ಚುಕಟ್ಟುದಾರರನ್ನು ಕರೆಯಿರಿ. ಅವರ ಕೆರೆ ಕೊನೆಯ ಸಲ ಯಾವ ವರ್ಷ ಕೋಡಿ ಹರಿಯಿತೆಂದು ಕೇಳಿ ನಡಾವಳಿಯಲ್ಲಿ ಬರೆಸಿರಿ. ಅವರು ಹೇಳಿದ್ದನ್ನು ನಮಗೂ ಬರೆದು ತಿಳಿಸಿ, ಈ ಪುಟದಲ್ಲೇ ಪ್ರಕಟಿಸುತ್ತೇವೆ.

— ಸಂಪಾದಕ